ಎದುರು ಮನೆ ದೊಡ್ಡಮ್ಮನ ಕೈ

ಮೊನ್ನೆ ಸಾಯಂಕಾಲ ಕರೆಂಟು ಹೋಗಿತ್ತು. ಗೋಡೆಗೆ ಸಿಕ್ಕಿಸುವ ಸೊಳ್ಳೆ ಮದ್ದು ಕೆಲಸ ಮಾಡಲಿಲ್ಲವೆಂದು ಮೊಮ್ಮಕ್ಕಳಲ್ಲಿ ದೊಡ್ಡವಳು ಅಂಗಡಿಯಿಂದ ಸೊಳ್ಳೆಬತ್ತಿ ತಂದು, ಜಗಲಿಯಲ್ಲಿ ಹಚ್ಚಿಟ್ಟುಕೊಂಡು ಓದಲು ಕುಳಿತಳು. ನಾನು ಒಳಗೆ ಅವರೆಕಾಯಿ ಬಿಡಿಸುತ್ತಿದ್ದೆ. ಆ ಹಸಿರು ಸುರುಳಿಯ ಹೊಗೆ ಮೂಗಿಗೆ ಬಂತು ನೋಡಿ, ಮಡಿಲಲ್ಲಿದ್ದ ಮೊರ ಜಾರಿ ಕಾಳೆಲ್ಲ ನೆಲಕ್ಕೆ ಬಿತ್ತು. ಎದ್ದು ಹೋಗಿ ಒಂದು ಚೊಂಬು ನೀರನ್ನು ಆ ಬತ್ತಿಯ ಮೇಲೆ ಸುರಿದುಬಿಟ್ಟೆ.

"ಏನಜ್ಜಿ, ಪೈತ್ಯನಾ ನಿಂಗೆ?" ಎಂದಳು.

ನಾನು ಒಳಗೆ ಹೋಗಿ ಚೆಲ್ಲಿದ ಕಾಳು ಆಯತೊಡಗಿದೆ. ಮೊದಲಿನಿಂದಲೂ ನಾನು ಹೀಗೆಯೇ. ನಾಲ್ಕು ಜನರ ಮುಂದೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪಾಲಾರ್ ಹೊಳೆಯ ಆಚೆ, ಕರ್ನಾಟಕದ ಕಡೆಗಿರುವ ನನ್ನ ತವರೂರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡ ಇದು. ನೀವೆಲ್ಲ ತಮಿಳು ಓದಿದ ಮಕ್ಕಳು, ಮನೆಯಲ್ಲಿ ಆಡುವ ಮಾತನ್ನು ಅಕ್ಷರದಲ್ಲಿ ಕಂಡವರಲ್ಲ. ಆದ್ದರಿಂದ ಬರೆದದ್ದನ್ನು ಕೊನೆಗೆ ನಾನೇ ನಿಮಗೆ ಓದಿ ಹೇಳಬೇಕು. ಬರೆಯುವಾಗಲೇ ಆ ಹೆದರಿಕೆ ಶುರುವಾಗಿದೆ.

ಈ ಭಾನುವಾರ ದೊಡ್ಡವಳಿಗೆ ಸೇಲಂನಲ್ಲಿ ಸರ್ಕಾರಿ ಕೆಲಸದ ಪರೀಕ್ಷೆ. ಇದು ಮೂರನೆಯ ಸಲ. ಬೀದಿಯಲ್ಲಿ ಕಂಡವರೆಲ್ಲ ಈ ಸಲವಾದರೂ ಆಗುತ್ತದಾ ಎಂದು ಕೇಳುತ್ತಾರೆ, ಅವಳು ತಲೆ ತಗ್ಗಿಸಿ ಒಳಗೆ ಬರುತ್ತಾಳೆ. ಈಗ ಹಾಲ್ ಟಿಕೆಟ್ಟನ್ನು ನಾನೇ ಅವಳ ಕೈಗೆ ಕೊಡಬೇಕಂತೆ. "ಮುಂಚಿನ ಎರಡು ಸಲಾನೂ ನೀನು ಊರಲ್ಲಿದ್ದೆ, ಅದ್ಕೇ ಓಯ್ತು. ಅಜ್ಜೀದು ರಾಸಿಯಾನ ಕೈ ಅಂತ ಅಮ್ಮನೇ ಯೋಳ್ತೈತೆ" ಎನ್ನುತ್ತಾಳೆ. ನಾನು ಮುಟ್ಟಿದ್ದು ಕೈಗೂಡುತ್ತದೆ ಎಂದು ಅವಳ ನಂಬಿಕೆ. ಅವಳು ಪಾಸಾಗದಿದ್ದರೆ ಏನು ಗತಿ ಎಂದು ಒಂದು ಭಯ. ಪಾಸಾದರೆ ಅದನ್ನೂ ನನ್ನ ಕೈಯ ಲೆಕ್ಕಕ್ಕೆ ಹಾಕುತ್ತಾರಲ್ಲ ಎಂದು ಅದಕ್ಕಿಂತ ದೊಡ್ಡ ಭಯ. ಯಾಕೆಂದರೆ ಈ ಕೈಗೆ ಬಂದ ಹೆಸರು ಈ ಕೈಯದ್ದಲ್ಲ...

ನಿಮ್ಮ ಅಮ್ಮ ಚಿಕ್ಕವಳಿದ್ದಾಗ ನಾವು ಕಂಬೈನಲ್ಲೂರಿನ ಹತ್ತಿರದ ಹಳ್ಳಿಯಲ್ಲಿದ್ದೆವು. ಮನೆಗಳಲ್ಲೆಲ್ಲ ರೇಷ್ಮೆ ಹುಳ ಸಾಕುತ್ತಿದ್ದರು. ನಮ್ಮ ಎದುರು ಮನೆಯಲ್ಲಿ ಒಬ್ಬ ದೊಡ್ಡಮ್ಮ ಇದ್ದರು. ಒಂಟಿ ಹೆಂಗಸು. ಗಂಡ ಹೋಗಿ ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮದುವೆ ಮನೆಗೆ ಹೋದರೆ ಆರತಿಯ ಹೊತ್ತಿಗೆ ಯಾರೂ ಹೇಳದೆಯೇ ಹಿಂದಕ್ಕೆ ಸರಿದು, ಅಡುಗೆಯವರ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಆದರೆ ಹುಳದ ಮನೆಯಲ್ಲಿ ಅವರದೇ ಮುಂದು. ಮೊಟ್ಟೆಯೊಡೆದು ಇರುವೆಗಿಂತ ಸಣ್ಣ ಹುಳಗಳು ಕಪ್ಪಗೆ ಹರಿದಾಡಲು ಶುರುವಾದರೆ, ಮೊದಲ ಹಿಡಿ ಸೊಪ್ಪನ್ನು ಹೆಚ್ಚಿ ಉದುರಿಸಲು ಊರಿಗೆ ಊರೇ ಅವರನ್ನು ಕರೆಯುತ್ತಿತ್ತು. ಆ ಬೆಳಿಗ್ಗೆ ಅವರು ತಲೆಗೆ ಸ್ನಾನ ಮಾಡಿ, ತೊಳೆದ ಸೀರೆ ಉಟ್ಟು, ಮೊಣಕೈವರೆಗೆ ತಿಕ್ಕಿ ತೊಳೆದ ಕೈಗಳನ್ನು ಯಾವುದಕ್ಕೂ ತಾಗಿಸದೆ ಮುಂದಕ್ಕೆ ಹಿಡಿದುಕೊಂಡು ಬೀದಿಯಲ್ಲಿ ನಡೆದು ಬರುವುದನ್ನು ನೀವು ನೋಡಬೇಕಿತ್ತು. ಬೀದಿಯವರು ದಾರಿ ಬಿಡುತ್ತಿದ್ದರು.

ಹುಳದ ಮನೆಯ ಬಾಗಿಲಲ್ಲಿ ಅವರು ಮೊದಲು ಸುಮ್ಮನೆ ನಿಲ್ಲುತ್ತಿದ್ದರು. ಕಣ್ಣು ಮುಚ್ಚಿ ಗಾಳಿ ಎಳೆದುಕೊಳ್ಳುತ್ತಿದ್ದರು. ಒಗ್ಗರಣೆಯ ಘಾಟು, ತಲೆಗೆ ಹಚ್ಚಿದ ಎಣ್ಣೆ, ಹೊಗೆಸೊಪ್ಪು ಯಾವುದಿದ್ದರೂ ಅವರ ಮೂಗಿಗೆ ಗೊತ್ತಾಗಿಬಿಡುತ್ತಿತ್ತು. ಒಮ್ಮೆ ನಿಮ್ಮ ತಾತ ಹೊಗೆಸೊಪ್ಪು ಜಗಿಯುತ್ತ ಸೊಪ್ಪಿನ ಹೊರೆ ಇಳಿಸಲು ಒಳಗೆ ಬಂದರು.

"ಓಗ್ಲಾ ಆಚೀಕೆ! ನಿನ್ ಬಾಯಿ ವಾಸ್ನೆಗೆ ನಿನ್ ಎಂಡ್ರು ಬದುಕಿರಾದೇ ಎಚ್ಚು, ಉಳ ಬದುಕ್ತಾವಾ?" ಎಂದರು ದೊಡ್ಡಮ್ಮ.

ತಾತ ನಗುತ್ತಲೇ ಹೊರಗೆ ಓಡಿದರು. ನಾನು ಸೊಪ್ಪಿನ ಮರೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕೆ.

ನನಗೆ ಕೆಲಸ ಕಲಿಸಿದವರೂ ಅವರೇ. ನನ್ನ ತವರಿನ ಕಡೆ ರಾಗಿ, ಜೋಳ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಹುಳ ತಲೆ ಎತ್ತಿ ಅಲ್ಲಾಡದೆ ಕೂತರೆ ಸತ್ತವೇನೋ ಎಂದು ಅವರ ಮನೆಗೆ ಓಡುತ್ತಿದ್ದೆ. "ಜ್ವರಕ್ಕೆ ಕೂತವೆ ಅಮ್ಮಣಿ, ಪೊರೆ ಬುಡ್ತಾವೆ. ಮುಟ್ಬೇಡ, ಸೊಪ್ಪು ಆಕ್ಬೇಡ. ಸುಮ್ನೆ ಇರಾದೂ ಒಂದು ಕೆಲ್ಸ" ಎನ್ನುತ್ತಿದ್ದರು. ನಿಮ್ಮ ಕೈಯ ರಾಸಿ ನನಗೂ ಬರಲಿ ಎಂದು ಒಂದು ಸಲ ಅಂದಿದ್ದೆ. ಅವರು ಸೊಪ್ಪು ಹೆಚ್ಚುವ ಕತ್ತಿ ಕೆಳಗಿಟ್ಟು ಹೇಳಿದ್ದರು: "ರಾಸಿನೂ ಇಲ್ಲ ಪೂಸಿನೂ ಇಲ್ಲ. ದಿನಾ ಕಸ ತೆಗೀತೀನಿ, ಕೈ ತೊಳೀತೀನಿ, ಮೂಸಿ ನೋಡ್ತೀನಿ. ಗೂಡು ಬಂದ್ ಮ್ಯಾಲೆ ಜನಕ್ಕೆ ಕಸ ಕಾಣಾಕಿಲ್ಲ, ಕೈ ಕಾಣ್ತೈತೆ."

ಆ ವರ್ಷ ನಿಮ್ಮ ಅಮ್ಮ ಎಂಟನೆಯ ಕ್ಲಾಸು. ನಮ್ಮೂರಿನ ಶಾಲೆ ಅಲ್ಲಿಗೆ ಮುಗಿಯುತ್ತಿತ್ತು, ಒಂಬತ್ತಕ್ಕೆ ಕಂಬೈನಲ್ಲೂರಿಗೆ ಬಸ್ಸಿನಲ್ಲಿ ಹೋಗಬೇಕು. ನನ್ನ ಅತ್ತೆಗೆ, ಎಂದರೆ ನಿಮ್ಮ ತಾತನ ಅಮ್ಮನಿಗೆ, ಅದು ಇಷ್ಟವಿರಲಿಲ್ಲ. ತಮ್ಮನ ಮಗನಿಗೆ ಅವಳನ್ನು ಮದುವೆ ಮಾಡಿಕೊಡುವ ಯೋಚನೆ ಅವರದು. ಕೂಸು ಅತ್ತು ಅತ್ತು ಊಟ ಬಿಟ್ಟಿತು. ಕೊನೆಗೆ ಅತ್ತೆ, "ಈ ಸಲ ಗೂಡು ತುಂಬಿ ಬಂದ್ರೆ ಮಾದಪ್ಪ ಒಪ್ಪಿದಂಗೆ. ಓದ್ಲಿ. ಬರ್ನಿಲ್ಲಾಂದ್ರೆ ಬಾಯಿ ಮುಚ್ಕೊಂಡು ತಾಳಿ ಕಟ್ಟಿಸ್ಕೊಳ್ಳಿ" ಎಂದರು. ಮಾದಪ್ಪನ ಹೆಸರಿನಲ್ಲಿ ಆಡಿದ ಮಾತನ್ನು ಅವರು ಯಾವತ್ತೂ ತಪ್ಪಿದವರಲ್ಲ, ಓದಿಗಾದರೂ ಸರಿ, ತಾಳಿಗಾದರೂ ಸರಿ.

ಆವತ್ತಿನಿಂದ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಹೊಲದಲ್ಲಿ ಸೊಪ್ಪು ಕುಯ್ಯುವಾಗಲೂ, ನೀರು ಸೇದುವಾಗಲೂ ಹುಳಗಳ ಎಣಿಕೆಯೇ. ಹುಳ ಚೆನ್ನಾಗಿಯೇ ಬಂದವು. ನಾಲ್ಕು ಜ್ವರ ಎದ್ದು ಬೆರಳು ಗಾತ್ರ ಆದವು, ಸೊಪ್ಪು ಕಡಿಯುವ ಸದ್ದು ಸಣ್ಣ ಮಳೆಯ ಹಾಗೆ ಮನೆ ತುಂಬುತ್ತಿತ್ತು. ಇನ್ನೊಂದೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು. ಆಗ ಅತ್ತೆಯೂ ತಾತನೂ ಅಮಾವಾಸ್ಯೆಗೆಂದು ಮಾದಪ್ಪನ ಬೆಟ್ಟಕ್ಕೆ ಹೋದರು. ಬರುವುದು ಮೂರು ದಿನ. ಮನೆಯಲ್ಲಿ ನಾನು, ನಿಮ್ಮ ಅಮ್ಮ ಇಬ್ಬರೇ.

ಅವಳಿಗೆ ಮಾರನೆಯ ದಿನ ದೊಡ್ಡ ಪರೀಕ್ಷೆ. ಸಾಯಂಕಾಲ ನಡುಮನೆಯಲ್ಲಿ ಓದಲು ಕೂತರೆ ಸೊಳ್ಳೆ ಮುತ್ತಿಕೊಂಡವು. ಕಾಲು ಕೆರೆದುಕೊಳ್ಳುತ್ತಾಳೆ, ಪುಸ್ತಕ ಬಿಡುತ್ತಾಳೆ, ಅಳುತ್ತಾಳೆ. ತಾತ ಪೇಟೆಯಿಂದ ತಂದಿಟ್ಟಿದ್ದ ಸೊಳ್ಳೆಬತ್ತಿ ಗೋಡೆಯ ಗೂಡಿನಲ್ಲಿತ್ತು. ನಮ್ಮ ಮನೆಗೆ ಬಂದ ಮೊದಲ ಪೊಟ್ಟಣ ಅದು. ಹುಳದ ಕೋಣೆಗೂ ನಡುಮನೆಗೂ ನಡುವೆ ಇದ್ದ ಗೋಡೆ ತಲೆಯೆತ್ತರ ಮಾತ್ರ, ಮೇಲೆಲ್ಲ ಬಯಲು. ಒಗ್ಗರಣೆ ಕೂಡದು, ಎಣ್ಣೆ ಕೂಡದು, ಹೊಗೆಸೊಪ್ಪು ಕೂಡದು ಎಂದು ದೊಡ್ಡಮ್ಮ ಕಲಿಸಿದ್ದೆಲ್ಲ ನೆನಪಿತ್ತು. ಸೊಳ್ಳೆಬತ್ತಿಯ ಮಾತು ಮಾತ್ರ ಅವರ ಬಾಯಲ್ಲಿ ಬಂದಿರಲಿಲ್ಲ, ಊರಿಗೇ ಅದು ಹೊಸದು. ಊದುಬತ್ತಿಯ ಹಾಗೆ ಇದೂ ಒಂದು ಎಂದುಕೊಂಡೆ. ಹಚ್ಚಿ ಕೂಸಿನ ಪಕ್ಕದಲ್ಲಿಟ್ಟೆ...

ಬೆಳಿಗ್ಗೆ ಸೊಪ್ಪಿನ ಬುಟ್ಟಿ ಹಿಡಿದು ಒಳಗೆ ಹೋದರೆ ಸದ್ದೇ ಇಲ್ಲ. ಹುಳಗಳು ತಲೆಯನ್ನು ಅತ್ತಿತ್ತ ಎಸೆಯುತ್ತಿದ್ದವು, ಬಾಯಿಂದ ಹಸಿರು ನೀರು ಬರುತ್ತಿತ್ತು. ಕೆಲವು ಆಗಲೇ ಕುಗ್ಗಿ ಮುದುರಿದ್ದವು. ಅವಳನ್ನು ಆ ಕೋಣೆಗೆ ಬಿಡಲಿಲ್ಲ. ತಲೆ ಬಾಚಿ, ಗಂಜಿ ಕುಡಿಸಿ, ಪರೀಕ್ಷೆಗೆ ಕಳಿಸಿದೆ. ಅವಳು ತಿರುವು ದಾಟುವ ತನಕ ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ.

ಎದುರು ಮನೆಯಿಂದ ದೊಡ್ಡಮ್ಮ ನೋಡಿ ಬಂದರು. ಬಾಗಿಲಲ್ಲಿ ನಿಂತು ಗಾಳಿ ಎಳೆದುಕೊಂಡರು.

"ಏನ್ ಅಚ್ಚಿದ್ದೆ?"

ನಾನು ಬೂದಿಯ ಸುರುಳಿಯನ್ನು ತೋರಿಸಿದೆ. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಹುಳದ ತಟ್ಟೆ ತಟ್ಟೆಯನ್ನೂ ಬಗ್ಗಿ ನೋಡಿದರು. "ಸೊಳ್ಳೆ ಸಾಯಾ ಒಗೇಲಿ ಉಳ ಬದುಕ್ತಾವಾ ಅಮ್ಮಣಿ... ಇವು ಇನ್ನು ಉಳಿಯಾಕಿಲ್ಲ" ಎಂದರು.

ನಾನು ಕೂಸಿನ ಹೆಸರು ಹೇಳಿ ಅತ್ತುಬಿಟ್ಟೆ. ನಾವಿಬ್ಬರೂ ಒಂದೇ ದಿನ ಹುಳ ಸಾಕಲು ಶುರು ಮಾಡಿದ್ದೆವು. ಅವರ ಹುಳ ಆವತ್ತು ಬೆಳಿಗ್ಗೆಯೇ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಹತ್ತಿದ್ದವು. ಚಂದ್ರಿಕೆ ಎಂದರೆ ಬಿದಿರಿನ ಅಗಲವಾದ ತಡಿಕೆ, ಮೇಲೆ ಸುರುಳಿ ಸುರುಳಿಯಾಗಿ ದಬ್ಬೆ ಕಟ್ಟಿರುತ್ತಾರೆ. "ಏಳು. ಕೊಟ್ಟಿಗೆ ಗುಡಿಸು. ಈ ಮನೆ ಒಳೀಕೆ ಏನೂ ತರಾದು ಬ್ಯಾಡ" ಎಂದರು. ಆಗಲೂ ನನಗೆ ತಿಳಿಯಲಿಲ್ಲ. ಅವರು ತಮ್ಮ ಮನೆಯಿಂದ ಹುಳ ಹತ್ತಿದ್ದ ಚಂದ್ರಿಕೆಯ ಒಂದು ತುದಿ ಹಿಡಿದು, ಇನ್ನೊಂದು ತುದಿ ಹಿಡಿ ಎಂದಾಗಲೇ ತಿಳಿದದ್ದು. ಮೇಲೆ ಹಳೆಯ ಸೀರೆ ಹೊದಿಸಿದ್ದರು. ಚಂದ್ರಿಕೆಯನ್ನು ಮನೆಯಿಂದ ಮನೆಗೆ ಎರವಲು ಕೊಡುವುದು, ತರುವುದು ಊರಲ್ಲಿ ಇದ್ದದ್ದೇ. ಯಾರೂ ತಿರುಗಿ ನೋಡಲಿಲ್ಲ. ಅವರು ನಮ್ಮ ಎರಡರಷ್ಟು ಹುಳ ಸಾಕುತ್ತಿದ್ದರು, ಅದರಲ್ಲಿ ಸರಿಯಾಗಿ ಅರ್ಧ ನಮ್ಮ ಕೊಟ್ಟಿಗೆಗೆ ಬಂತು.

"ಇದು ಮೋಸ ಅಲ್ವಾ ದೊಡ್ಡಮ್ಮಾ?" ಎಂದೆ.

"ನಿಮ್ಮತ್ತೆ ಗೂಡು ಬಂದ್ರೆ ಅಂತ ಯೋಳವ್ಳೆ. ಯಾರ್ ಉಳದ ಗೂಡು ಅಂತ ಯೋಳಿಲ್ವಲ್ಲ" ಎಂದರು. ಆಮೇಲೆ ನಕ್ಕರು. ನನಗೆ ನಗು ಬರಲಿಲ್ಲ.

ಸತ್ತ ಹುಳಗಳನ್ನು ತಿಪ್ಪೆಯ ಪಕ್ಕದಲ್ಲಿ ಗುಂಡಿ ತೋಡಿ ಮುಚ್ಚಿದೆವು. ಅತ್ತೆ ಬೆಟ್ಟದಿಂದ ಬಂದವರು ಕೊಟ್ಟಿಗೆಗೆ ಹೋಗಿ, ಬೆಳ್ಳಗೆ ಮೊಲ್ಲೆ ಮೊಗ್ಗು ಬಿಟ್ಟ ಹಾಗಿದ್ದ ಚಂದ್ರಿಕೆಗಳನ್ನು ನೋಡಿ, ಕೈ ಮುಗಿದು, ಪ್ರಸಾದದ ಕಲ್ಲುಸಕ್ಕರೆಯನ್ನು ಮೊದಲು ನಿಮ್ಮ ಅಮ್ಮನ ಬಾಯಿಗೆ ಹಾಕಿದರು. ಅವಳು ಒಂಬತ್ತಕ್ಕೆ ಹೋದಳು. ಆಮೇಲೆ ಓದು ನಿಲ್ಲಲಿಲ್ಲ. ಇವತ್ತು ಧರ್ಮಪುರಿಯ ಆಸ್ಪತ್ರೆಯಲ್ಲಿ ಬಿಳಿ ಕೋಟು ಹಾಕಿಕೊಂಡು ನಿಂತಿದ್ದಾಳೆ. ಅವಳಿಗೂ ಇದು ಗೊತ್ತಿಲ್ಲ.

ನಾನು ಹೇಳಬೇಕಾದದ್ದು ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಊರಿನವರು ಎರಡು ಮನೆಯನ್ನೂ ನೋಡಿದರು. ಎಂದೂ ಸೋಲದ ದೊಡ್ಡಮ್ಮನಿಗೆ ಅರ್ಧ ಗೂಡು, ಹೊಸಬಳಾದ ನನಗೆ ತುಂಬು ಗೂಡು. ದೊಡ್ಡಮ್ಮ ಯಾರು ಕೇಳಿದರೂ "ವಯಸ್ಸಾಯ್ತು, ಕಣ್ಣು ಮಂಜು" ಎಂದು ಮಾತು ಮುಗಿಸುತ್ತಿದ್ದರು. ಮುಂದಿನ ಬೆಳೆಗೆ ಮೂಲೆ ಮನೆಯವರು ಮೊದಲ ಸೊಪ್ಪು ಹಾಕಲು ನನ್ನನ್ನು ಕರೆಯಲು ಬಂದರು. ದೊಡ್ಡಮ್ಮ ಆಗಲೇ ತಲೆಗೆ ಸ್ನಾನ ಮಾಡಿ, ತೊಳೆದ ಸೀರೆ ಉಟ್ಟು ತಮ್ಮ ಬಾಗಿಲಲ್ಲಿ ನಿಂತಿದ್ದರು, ಕೈ ಮುಂದಕ್ಕೆ ಹಿಡಿದುಕೊಂಡು. ಬಂದವರು ಅವರ ಬಾಗಿಲು ದಾಟಿ ನಮ್ಮ ಬಾಗಿಲಿಗೆ ಬಂದರು. ನಾನು ಬೀದಿಯ ಈಚೆಯಿಂದ ನೋಡಿದೆ. ದೊಡ್ಡಮ್ಮ ಆ ಕೈಗಳನ್ನು ನಿಧಾನವಾಗಿ ಸೆರಗಿಗೆ ಒರೆಸಿಕೊಂಡರು. ಹೋಗು ಎಂದು ಕಣ್ಣಲ್ಲೇ ಹೇಳಿದರು.

ನಾನು ಹೋದೆ.

ಆಮೇಲೆ ಎಷ್ಟೋ ಮನೆಗೆ ಹೋದೆ. ಪ್ರತಿ ಸಲವೂ ಇವತ್ತು ಗೊತ್ತಾಗಿಬಿಡುತ್ತದೆ ಎಂದು ಹೆದರುತ್ತಿದ್ದೆ. ಆ ಭಯಕ್ಕೆ ಚರ್ಮ ಕೆಂಪಾಗುವ ಹಾಗೆ ಕೈ ತೊಳೆಯುತ್ತಿದ್ದೆ, ಅವರ ಹಾಗೆಯೇ ಬಾಗಿಲಲ್ಲಿ ನಿಂತು ಮೂಸುತ್ತಿದ್ದೆ, ದಿನಕ್ಕೆ ಎರಡು ಸಲ ಹೋಗಿ ಕಸ ತೆಗೆಸುತ್ತಿದ್ದೆ. ಬೆಳೆಗಳು ಬಂದವು. ರಾಸಿ ಎಂದರು. ದೊಡ್ಡಮ್ಮ ಮದುವೆ ಮನೆಯಲ್ಲಿ ಹಿಂದೆ ನಿಲ್ಲುತ್ತಿದ್ದರಲ್ಲ, ಹುಳದ ಮನೆಯಲ್ಲೂ ಹಿಂದೆ ನಿಂತರು. ನಾನು ಬಾಯಿ ಬಿಟ್ಟರೆ ಅತ್ತೆ ಕೂಸಿನ ಓದು ಬಿಡಿಸುತ್ತಾರೆ ಎಂದು ಮೊದಲು ಹೇಳಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಆ ನೆವವೂ ಇರಲಿಲ್ಲ. ಆದರೂ ಹೇಳಲಿಲ್ಲ. ಹೆಸರು ರುಚಿಯಾಗಿತ್ತೋ ಏನೋ... ಇದನ್ನು ಬರೆಯುವುದು ಕಷ್ಟ, ಆದರೆ ಬರೆಯುತ್ತೇನೆ. ರುಚಿಯಾಗಿತ್ತು.

ಕೈಲಾಗದ ಕಾಲಕ್ಕೆ ಅವರು ಕೊಳತ್ತೂರಿನ ಕಡೆ ತಮ್ಮನ ಮನೆಗೆ ಹೋದರು. ಒಂದು ದಿನ ಅವರು ತೀರಿಕೊಂಡ ಸುದ್ದಿ ಬಂತು. ಬಸ್ಸು ತೊಪ್ಪೂರಿನ ಘಾಟಿ ಇಳಿಯುವಾಗ, ಇವತ್ತು ಎಲ್ಲರ ಮುಂದೆ ಹೇಳಿಬಿಡುತ್ತೇನೆ ಎಂದು ಮಾತು ಜೋಡಿಸಿಕೊಂಡು ಹೋದೆ. ಅವರನ್ನು ಅಂಗಳದಲ್ಲಿ ಮಲಗಿಸಿದ್ದರು. ಕೈಗಳು ಎದೆಯ ಮೇಲಿದ್ದವು. ನಮ್ಮೂರಿನಿಂದ ಬಂದಿದ್ದ ಒಬ್ಬಾಕೆ, "ಒಳ್ಳೇವ್ಳು ಪಾಪ. ಕಡೇಲಿ ಕೈ ರಾಸಿ ಓಗ್ಬುಡ್ತು" ಎಂದಳು. ನಾಲ್ಕು ಜನ ಹೌದೆಂದು ತಲೆಯಾಡಿಸಿದರು. ನಾನೂ ಅವರ ಜೊತೆ ನಿಂತಿದ್ದೆ, ಅಷ್ಟೇ.

ಈಗ ಆ ಊರಲ್ಲಿ ಹುಳ ಸಾಕುವವರು ಕಮ್ಮಿ. ದೊಡ್ಡಮ್ಮನ ಮನೆ ಬಿದ್ದುಹೋಗಿ ಯಾರೋ ತೆಂಗಿನ ಸಸಿ ನೆಟ್ಟಿದ್ದಾರೆ. ಬಾಗಿಲಿದ್ದ ಜಾಗ ಎಲ್ಲಿ ಎಂದು ಹೋದ ಸಲ ಹುಡುಕಿದೆ, ಗೊತ್ತಾಗಲಿಲ್ಲ.

ಬತ್ತಿಗೆ ನೀರು ಸುರಿದ ಮೇಲೆ ದೊಡ್ಡವಳು ಮುನಿಸಿಕೊಂಡು, "ಸೊಳ್ಳೆ ಕಚ್ತೈತೆ, ಎಂಗ್ ಓದಾದು?" ಎಂದಳು. ಅಂದಿನಿಂದ ದಿನಾ ಸಾಯಂಕಾಲ ಕರೆಂಟು ಹೋಗುತ್ತಿದೆ, ನಾನು ಅವಳ ಪಕ್ಕದಲ್ಲಿ ಕೂತು ಟವೆಲ್ಲಿನಿಂದ ಗಾಳಿ ಬೀಸುತ್ತಿದ್ದೇನೆ. ಎಡಗೈಯಲ್ಲಿ ಬೀಸುತ್ತ ಬಲಗೈಯಲ್ಲಿ ಇದನ್ನು ಬರೆದೆ, ಅಕ್ಷರ ಸೊಟ್ಟಗಿವೆ. ತೋಳು ನೋಯುತ್ತದೆ. ಆವತ್ತು ನಿಮ್ಮ ಅಮ್ಮನ ಪಕ್ಕದಲ್ಲಿ ಒಂದು ಸಾಯಂಕಾಲ ಹೀಗೆ ಕೂತಿದ್ದರೆ ಸಾಕಿತ್ತು...

ನಾಳೆ ಶನಿವಾರ. ನಿಮ್ಮ ಅಮ್ಮ ಡ್ಯೂಟಿ ಮುಗಿಸಿ ಬಂದ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಇದನ್ನು ಓದುತ್ತೇನೆ. ಗಂಟಲು ಕಟ್ಟಿದರೆ ನೀರು ಕುಡಿದು ಮತ್ತೆ ಓದುತ್ತೇನೆ. ಆಮೇಲೂ ದೊಡ್ಡವಳು ಕೈ ಚಾಚಿದರೆ ಹಾಲ್ ಟಿಕೆಟ್ ಕೊಡುತ್ತೇನೆ. ಕೊಡುವ ಮುಂಚೆ ಕೈಗಳನ್ನು ಮೊಣಕೈವರೆಗೆ ತಿಕ್ಕಿ ತೊಳೆದುಕೊಳ್ಳುತ್ತೇನೆ, ದೊಡ್ಡಮ್ಮ ತೊಳೆಯುತ್ತಿದ್ದ ಹಾಗೆ.