ಜಗಳೂರಿಗೆ ಹೋದ ಅಂಬಲಿ

ಮೊನ್ನೆ ಚನ್ನಗಿರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಆಗಾಗ ನನ್ನ ಕಡೆ ಮೂಗು ತಿರುಗಿಸುತ್ತಿದ್ದಳು. ವಯಸ್ಸಾದವರ ಹತ್ತಿರ ಕುಳಿತವರಿಗೆ ಎಣ್ಣೆ, ಮುಲಾಮಿನ ವಾಸನೆ ಬರುವುದುಂಟು. ಅದೇ ಇರಬೇಕೆಂದು ನಾನು ಸೆರಗು ಬಿಗಿದುಕೊಂಡು ಕಿಟಕಿಯ ಕಡೆ ಸರಿದೆ. ಕೊನೆಗೆ ಆಕೆಯೇ ಕೇಳಿದಳು, “ಅಜ್ಜಿ, ಚೀಲದಾಗೆ ಏನಾದ್ರೂ ಹುರಿದದ್ದು ಇಟ್ಕಂಡೀರೇನು? ಹೊಟ್ಟೆ ಹಸಿಯಂಗೆ ಘಮ ಅಂತೈತೆ.”

ಚೀಲದಲ್ಲಿ ಇದ್ದದ್ದು ಕನ್ನಡಕದ ಡಬ್ಬಿ, ಒಂದು ಟವೆಲ್ಲು, ಬಿ.ಪಿ. ಮಾತ್ರೆ. ವಾಸನೆ ಬರುತ್ತಿದ್ದದ್ದು ನನ್ನ ಮೈಯಿಂದಲೇ. ಹುರಿದ ನವಣೆಯ ವಾಸನೆ ಅದು. ನಮ್ಮ ಮನೆಯಲ್ಲಿ ಈಗ ದಿನ ಬೆಳಗಾದರೆ ನವಣೆ ಹುರಿಯುತ್ತಾರೆ. ಎಷ್ಟು ಸೋಪು ಹಾಕಿ ಒಗೆದರೂ ಆ ಘಮ ಸೀರೆ ಬಿಟ್ಟು ಹೋಗುವುದಿಲ್ಲ. ಹೋಗುವುದೂ ಬೇಡ ಅನ್ನಿ. ಆ ಹೆಂಗಸಿಗೆ ನಮ್ಮ ಅಂಬಲಿ ಹಿಟ್ಟಿನ ಸಮಾಚಾರವನ್ನೆಲ್ಲ ಹೇಳುತ್ತಾ ಹೇಳುತ್ತಾ ನಾನು ಇಳಿಯುವ ಸ್ಟಾಪು ದಾಟಿಹೋಯಿತು. ಅವಳಿಗೆ ಹೇಳಿ ಮುಗಿಯದೆ ಉಳಿದದ್ದನ್ನು ಈಗ ನಿಮಗೆ ಹೇಳುತ್ತೇನೆ, ಪುರುಸೊತ್ತಿದ್ದರೆ ಕೂತು ಕೇಳಿ.

ನವಣೆ ಗೊತ್ತಲ್ಲ ನಿಮಗೆ? ಈಗ ಪೇಟೆಯ ಅಂಗಡಿಗಳಲ್ಲಿ ಫಳಫಳ ಹೊಳೆಯುವ ಕವರಿನಲ್ಲಿ ಕೂತಿರುತ್ತದೆ, ಮದುವಣಗಿತ್ತಿಯ ಹಾಗೆ. ನಾನು ಅದನ್ನು ಮೊದಲು ಕಂಡದ್ದು ಹೊಲದಲ್ಲಿ, ಅಳಿಲಿನ ಬಾಲದಂತೆ ಬಾಗಿದ ತೆನೆಗಳಲ್ಲಿ. ಜಗಳೂರಿನ ಹತ್ತಿರದ ಒಂದು ಹಳ್ಳಿ ನನ್ನ ತವರು. ಅಲ್ಲಿ ನಮ್ಮವ್ವ ನವಣೆಯನ್ನು ಹುರಿದು, ಬೀಸಿ, ನುಚ್ಚನ್ನು ಮಡಕೆಯಲ್ಲಿ ನೆನೆಹಾಕಿ, ಹುಳಿ ಬಂದ ಮೇಲೆ ಕುದಿಸಿ ಆರಿಸಿ, ಮಜ್ಜಿಗೆ ಬೆರೆಸಿ ಕೊಡುತ್ತಿದ್ದಳು. ಜೊತೆಗೊಂದು ಹಸಿ ಈರುಳ್ಳಿ. ಅದನ್ನು ಕುಡಿದು ಹೊಲಕ್ಕೆ ಹೋದರೆ ಮಧ್ಯಾಹ್ನದವರೆಗೆ ಬಿಸಿಲು ನಮ್ಮ ತಂಟೆಗೆ ಬರುತ್ತಿರಲಿಲ್ಲ. ಶಾಲೆಗೆ ನಾನು ಹೋದದ್ದು ಸ್ವಲ್ಪವೇ. ಅಕ್ಷರ ಕೂಡಿಸಿ ಓದುವಷ್ಟು ಬಂತು, ಆಮೇಲೆ ಹೊಲವೇ ಶಾಲೆ. ಆದರೆ ಅಂಬಲಿಯ ಹದ ಮಾತ್ರ ಅವ್ವನ ಕೈಯಿಂದ ನನ್ನ ಕೈಗೆ ಪೂರಾ ಬಂತು.

ನನ್ನನ್ನು ಮದುವೆ ಮಾಡಿಕೊಟ್ಟದ್ದು ಚನ್ನಗಿರಿ ಸೀಮೆಗೆ, ತ್ಯಾವಣಿಗೆ ಪಕ್ಕದ ಊರಿಗೆ. ನಾಲೆಯ ನೀರು, ಭತ್ತದ ಗದ್ದೆ, ಮೂರು ಹೊತ್ತೂ ಅನ್ನ. ಹೊರಡುವಾಗ ಅವ್ವ ಒಂದು ಗಂಟಿನಲ್ಲಿ ನವಣೆ ಕಟ್ಟಿ ಕೊಟ್ಟಿದ್ದಳು. ನಮ್ಮ ಅತ್ತೆ ಆ ಗಂಟು ಬಿಚ್ಚಿ, ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು, ಬಾಗಿಲ ಬೆಳಕಿಗೆ ಹಿಡಿದು ನೋಡಿ ಕೇಳಿದ್ದು ಇಷ್ಟು: “ಯಾಕೆ ತಾಯಿ, ನಿಮ್ಮನೇಲಿ ಗಿಣಿ ಸಾಕಿದ್ರೇನು?”

ಅತ್ತೆ ಕೆಟ್ಟವರಲ್ಲ. ಅವರ ನಾಲಿಗೆ ಹಾಗೆ. ನನ್ನ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ನಾನು ಅವರಿಗೆ ಕೊನೆಯವರೆಗೂ ‘ಜಗಳೂರಮ್ಮ’. ಬಂದ ಹೊಸದರಲ್ಲಿ ಒಂದು ದಿನ ಧೈರ್ಯ ಮಾಡಿ ಅಂಬಲಿ ಕಾಯಿಸಿ ಅಡುಗೆಮನೆಯಲ್ಲಿ ಆರಲು ಇಟ್ಟಿದ್ದೆ. ಅತ್ತೆ ಬಗ್ಗಿ ನೋಡಿ, ಕಲಗಚ್ಚಿನ ಬಾನಿ ಹಿತ್ತಲಲ್ಲಿ ಇದೆಯಲ್ಲ, ಇದನ್ನು ಒಳಗೇಕೆ ತಂದೆ ಅಂದರು. ಎಮ್ಮೆಗೆ ಕುಡಿಸುವ ಕಲಗಚ್ಚಿಗೂ ನಮ್ಮವ್ವನ ಅಂಬಲಿಗೂ ಅವರ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ನನಗೆ ಅಳು ಬಂತು. ಅತ್ತರೆ ಅದಕ್ಕೂ ಒಂದು ಮಾತು ಬರುತ್ತದೆಂದು ಅಳಲಿಲ್ಲ.

ಅಂದಿನಿಂದ ನನ್ನ ಅಂಬಲಿ ಬಚ್ಚಲ ಒಲೆಗೆ ಹೋಯಿತು. ನೀರು ಕಾಯಿಸುವ ನೆಪದಲ್ಲಿ ಒಂದು ಚಿಕ್ಕ ಪಾತ್ರೆಯನ್ನು ಕೆಂಡದ ಮೇಲೆ ಇಟ್ಟು, ಬಚ್ಚಲ ಹಿಂದಿನ ಗೋಡೆಗೆ ಒರಗಿ ನಿಂತು ಕುಡಿಯುತ್ತಿದ್ದೆ. ಗಂಡಸರು ಕದ್ದು ಬೀಡಿ ಸೇದುತ್ತಾರಲ್ಲ, ಹಾಗೆ. ನಮ್ಮ ಯಜಮಾನರಿಗೆ ಗೊತ್ತಿತ್ತು. ಅವರು ಗೊತ್ತಿಲ್ಲದವರ ಹಾಗೆ ಕೆಮ್ಮಿಕೊಂಡು ಆ ಕಡೆ ಬರುತ್ತಿದ್ದರು, ನಾನು ಪಾತ್ರೆ ಮುಚ್ಚಿಡಲಿ ಎಂದು. ಆಗಿನ ಗಂಡಂದಿರ ಪ್ರೀತಿ ಅಷ್ಟರಲ್ಲೇ ಇರುತ್ತಿತ್ತು. ಸಾಕಾಗುತ್ತಿತ್ತು ಕೂಡ.

ಒಂದು ಬೇಸಿಗೆಯಲ್ಲಿ ಅತ್ತೆಗೆ ಜ್ವರ ಹತ್ತಿತು. ಇಳಿಯಿತು ಅನ್ನುವಷ್ಟರಲ್ಲಿ ಮತ್ತೆ ಏರುವ ಜ್ವರ. ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದರು, ಗಂಜಿ ಕುಡಿಸಿದರೆ ವಾಂತಿ. ಚನ್ನಗಿರಿಯ ಡಾಕ್ಟರು ಔಷಧಿ ಕೊಟ್ಟು, ಹೊಟ್ಟೆಯಲ್ಲಿ ಏನಾದರೂ ನಿಲ್ಲುವ ಹಾಗೆ ನೋಡಿಕೊಳ್ಳಿ ಅಂದರು. ಗಟ್ಟಿಮುಟ್ಟಾಗಿದ್ದ ಹೆಂಗಸು ಹಾಸಿಗೆಯಲ್ಲಿ ಇದ್ದಾರೋ ಇಲ್ಲವೋ ಅನ್ನುವಂತೆ ಆಗಿಬಿಟ್ಟರು. ನಾನು ಯಾರನ್ನೂ ಕೇಳದೆ, ಬಚ್ಚಲ ಒಲೆಯ ಪಾತ್ರೆಯನ್ನು ತಂದು, ತಿಳಿಯಾದ ಅಂಬಲಿಯನ್ನು ಚಮಚದಲ್ಲಿ ಬಾಯಿಗೆ ಹಾಕಿದೆ. ಅತ್ತೆ ಕಣ್ಣು ಬಿಡಲಿಲ್ಲ. ಆದರೆ ನುಂಗಿದರು. ಇನ್ನೊಂದು ಚಮಚ, ಅದನ್ನೂ ನುಂಗಿದರು. ಅದು ಹೊಟ್ಟೆಯಲ್ಲಿ ನಿಂತಿತು.

ಚೆನ್ನಾಗಿದೆ ಎಂದು ಅವರು ಹೇಳುತ್ತಾರೆಂದು ನೀವು ಕಾಯುತ್ತಿದ್ದರೆ ನಮ್ಮ ಅತ್ತೆ ನಿಮಗೆ ಇನ್ನೂ ಅರ್ಥವಾಗಿಲ್ಲ. ಮಾರನೆಯ ದಿನ ಲೋಟ ಖಾಲಿ ಮಾಡಿ, ಗೋಡೆಯ ಕಡೆ ತಿರುಗಿಕೊಂಡು ಅಂದರು, “ಒಂದಿಷ್ಟು ಓಂಕಾಳು ಹಾಕಿದ್ರೆ ಬಾಯಿಗಾದ್ರೂ ಹತ್ತತಿತ್ತು.”

ನಾನು ಓಂಕಾಳು ಹುರಿದು ಪುಡಿಮಾಡಿ ಹಾಕಿದೆ. ಅದರ ಮರುದಿನ ಹುಳಿ ಜಾಸ್ತಿಯಾಯಿತು ಅಂದರು, ಹುಳಿ ತಗ್ಗಿಸಿದೆ. ಒಣಶುಂಠಿ ಇಲ್ಲದೆ ಇದೇನು ಕುಡಿಯುವುದು ಅಂದರು, ಒಣಶುಂಠಿ ಜಜ್ಜಿದೆ. ಜೀರಿಗೆ ಅಂದರು. ಹಿಟ್ಟು ಇನ್ನೂ ನುಣ್ಣಗಿರಬೇಕು, ಬಟ್ಟೆಯಲ್ಲಿ ಜರಡಿ ಹಿಡಿ ಅಂದರು. ಅವರಿಗೆ ಬೈಯಲು ಶಕ್ತಿ ಬಂದಂತೆಲ್ಲ ನನಗೆ ಸಂತೋಷ. ಎದ್ದು ಓಡಾಡುವ ಹೊತ್ತಿಗೆ ಪಾತ್ರೆ ಬಚ್ಚಲಿಂದ ಅಡುಗೆಮನೆಗೆ ಬಂದಿತ್ತು. ಆಮೇಲೆ ಮುಪ್ಪಿನವರೆಗೂ ಬೆಳಿಗ್ಗೆ ಅದೇ ಕುಡಿದರು. ಆದರೆ ಅಂಬಲಿ ಎಂಬ ಶಬ್ದ ಅವರ ಬಾಯಿಂದ ಬರಲಿಲ್ಲ. “ಆ ನಿಮ್ಮೂರ ನೀರು ತಾ” ಅನ್ನುವರು. ನನ್ನ ಪಾಲಿಗೆ ಅದು ಯಾವಾಗಲೂ ತವರಿನದೇ. ಓಂಕಾಳು ಬೆರೆತದ್ದನ್ನು ನಾಲಿಗೆ ಎಂದೋ ಮರೆತುಬಿಟ್ಟಿತ್ತು.

ಅತ್ತೆ ಹೋದರು, ಯಜಮಾನರೂ ಹೋದರು. ಗೂಡ್ಸ್ ಗಾಡಿ ಓಡಿಸುವ ನನ್ನ ಮಗ ಬಸವರಾಜನಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಅನ್ನ ಕಡಿಮೆ ಮಾಡು, ನವಣೆ ಸಾವೆ ತಿನ್ನು ಅಂದರಂತೆ. ಸೊಸೆ ಸೌಭಾಗ್ಯ ಅಂಗಡಿಯಿಂದ ನವಣೆಯ ಪಾಕೀಟು ತಂದು ನನ್ನ ಮುಂದೆ ಇಟ್ಟು, ಇದನ್ನು ಏನು ಮಾಡುವುದು ಅತ್ತೆ ಎಂದು ಕೇಳಿದಳು. ನಾನು ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡೆ. ಅವಳು ಗಾಬರಿಯಾಗಿ ನನ್ನ ಬೆನ್ನು ಸವರಿದಳು.

ಬಸವರಾಜ ಬಾಟಲಿಯಲ್ಲಿ ಅಂಬಲಿ ತುಂಬಿಕೊಂಡು ಹೋಗಲು ಶುರುಮಾಡಿದ. ಗಾಡಿ ಸ್ಟ್ಯಾಂಡಿನ ಗೆಳೆಯರು ಒಂದೊಂದು ಗುಟುಕು ಕೇಳಿ, ಕೊನೆಗೆ ಅವನಿಗೇ ಇಲ್ಲದಂತೆ ಮಾಡಿದರು. ಆಮೇಲೆ ಅವರ ಹೆಂಡಂದಿರು ಹಿಟ್ಟು ಕೇಳಿದರು. ಅಲ್ಲಿಂದ ಸೌಭಾಗ್ಯಳ ತಲೆ ಓಡಿತು. ಹಿತ್ತಲ ಕೋಣೆಗೆ ಟೈಲ್ಸು ಬಂತು, ಹುರಿಯುವ ದೊಡ್ಡ ಬಾಣಲೆ ಬಂತು, ಗಿರಣಿ ಬಂತು. ಡಿಗ್ರಿ ಮುಗಿಸಿದ ಮೊಮ್ಮಗಳು ಚೈತ್ರಾ ಪೊಟ್ಟಣದ ಮೇಲೆ ‘ಹೆಲ್ತ್ ಡ್ರಿಂಕ್’ ಎಂದು ಬರೆಸಲು ಹೊರಟಳು. ಅಂಬಲಿ ಅಂತಲೇ ಬರೆಸು ಅಂದೆ. ಅಂಬಲಿ ಅಂದರೆ ಯಾರೂ ಕೊಳ್ಳುವುದಿಲ್ಲ ಅಜ್ಜಿ ಎಂದು ಅವಳು. ಎರಡು ದಿನ ನಾನು ಅವಳ ಜೊತೆ ಮಾತು ಬಿಟ್ಟೆ, ಮುದುಕಿಯ ಹಟ ನೋಡಿ. ಕೊನೆಗೆ ‘ನವಣೆ ಅಂಬಲಿ’ ದೊಡ್ಡದಾಗಿ, ಇಂಗ್ಲಿಷಿನದು ಕೆಳಗೆ ಚಿಕ್ಕದಾಗಿ ಬಂತು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ, ಮನೆಗೆ ಬಂದವರೆದುರೆಲ್ಲ ಓದಿದೆ. ಚನ್ನಗಿರಿಯ ಅಂಗಡಿಗಳಿಗೆ ಹೋಯಿತು. ಹೊನ್ನಾಳಿಯ ಸಂತೆಗೆ ಹೋಯಿತು. ನ್ಯಾಮತಿಯಲ್ಲಿ ಒಬ್ಬ ಔಷಧಿ ಅಂಗಡಿಯವನು ಟಾನಿಕ್ಕಿನ ಬಾಟಲಿಗಳ ಪಕ್ಕದಲ್ಲೇ ಅದಕ್ಕೂ ಜಾಗ ಕೊಟ್ಟ. ಅದನ್ನು ನೋಡಲೆಂದೇ ನಾನು ನ್ಯಾಮತಿಗೆ ಹೋಗಿ, ತಲೆನೋವಿನ ಮಾತ್ರೆ ಕೊಂಡು ಬಂದೆ, ತಲೆನೋವಿಲ್ಲದಿದ್ದರೂ.

ಜಗಳೂರಿಗೆ ಮಾತ್ರ ಬೇಡ ಅಂದೆ. ಮನೆಯವರಿಗೆ ಆಶ್ಚರ್ಯ. ತವರಿಗೆ ಹೋದ ಹೆಣ್ಣುಮಗಳು ಉಡಿ ತುಂಬಿಸಿಕೊಂಡು ಬರಬೇಕು. ಅಲ್ಲಿ ಕೂತು ವ್ಯಾಪಾರ ಮಾಡುವುದುಂಟೇ? ಅದೂ ಅಂಬಲಿಯನ್ನು, ಅಂಬಲಿ ಕಲಿಸಿದವರಿಗೇ? ಈ ಮಾತನ್ನು ಬಾಯಿಬಿಟ್ಟು ಹೇಳಿದೆ. ಇನ್ನೊಂದನ್ನು ಹೇಳಲಿಲ್ಲ. ಅವರು ಕುಡಿದು ಮುಖ ಸಿಂಡರಿಸಿದರೆ ಏನು ಮಾಡಲಿ? ಒಂದು ಮನೆಯಲ್ಲಿ ಕಲಗಚ್ಚು ಅನ್ನಿಸಿಕೊಂಡದ್ದನ್ನು ತಡೆದುಕೊಂಡೆ, ತವರಿನವರೂ ಬೇಡ ಅಂದರೆ ಇದು ಯಾರದು ಅಂತ ಇಟ್ಟುಕೊಳ್ಳಲಿ?

ಚೈತ್ರಾ ನನ್ನನ್ನು ಕೇಳದೆಯೇ ಜಗಳೂರು ಸಂತೆಯಲ್ಲಿ ಜಾಗ ಹಿಡಿದಳು. ಬರುವುದಿಲ್ಲ ಅಂದವಳು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸೀರೆ ಉಟ್ಟು ಗಾಡಿಯಲ್ಲಿ ಕೂತಿದ್ದೆ. ಆದರೆ ಅಲ್ಲಿ ಇಳಿದ ಮೇಲೆ ಮೇಜಿನ ಹಿಂದೆ ನಿಲ್ಲಲು ಕಾಲು ಬರಲಿಲ್ಲ. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ತಲೆಯ ತುಂಬ ಸೆರಗು ಹೊದ್ದು, ಈ ಅಂಬಲಿಗೂ ನನಗೂ ಸಂಬಂಧವೇ ಇಲ್ಲದವಳಂತೆ ಕೂತೆ. ಸೌಭಾಗ್ಯ ಲೋಟಗಳನ್ನು ಜೋಡಿಸುತ್ತಾ ನನ್ನ ಕಡೆ ನೋಡಿ ನಗುತ್ತಿದ್ದಳು.

ಹೊತ್ತೇರಿದ ಮೇಲೆ ಕೈಚೀಲ ಹಿಡಿದು ನಮ್ಮ ಗಂಗಕ್ಕ ಬಂದಳು. ನನ್ನ ಅಣ್ಣನ ಹೆಂಡತಿ, ನಮ್ಮ ಅತ್ತೆಗಿಂತ ಒಂದು ಕೈ ಮೇಲಾದ ಮಾತಿನವಳು. ಸೆರಗಿನ ಒಳಗಿದ್ದ ನನ್ನನ್ನು ಕಾಲಿನ ಬೆರಳು ನೋಡಿಯೇ ಗುರುತಿಸಿದಳು. ಟೀ ಕುಡಿಯಾಕೆ ಚನ್ನಗಿರಿಯಿಂದ ಇಲ್ಲಿತನಕ ಬಂದೆಯಾ ಎಂದು ಕೇಳಿ, ಕೈ ಹಿಡಿದು ಎಳೆದುಕೊಂಡು ಮೇಜಿನ ಮುಂದೆ ಹೋದಳು. ಚೈತ್ರಾ ಲೋಟ ಕೊಟ್ಟಳು. ಗಂಗಕ್ಕ ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದಳು. ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ.

“ಇದು ನಮ್ಮ ಅಂಬಲಿ ಅಲ್ಲ ಬಿಡವ್ವ,” ಅಂದಳು.

ನನ್ನ ಕಾಲ ಕೆಳಗಿನ ಸಂತೆಯೇ ಸರಿದಂತಾಯಿತು. ಚೈತ್ರಾಳ ಮುಖ ಸಣ್ಣದಾಯಿತು.

“ಹುಳಿ ಎಲ್ಲಿ ಹೋತು? ಓಂಕಾಳು, ಶುಂಠಿ… ಅಂಬಲಿಗೆ ಇದನ್ನೆಲ್ಲ ಯಾರು ಹಾಕ್ತಾರೆ? ನಿಮ್ಮವ್ವ ಹಾಕ್ತಿದ್ಲೇನು?”

“ಇಲ್ಲ ಅತ್ತಿಗೆ,” ಎಂದೆ. “ನಮ್ಮತ್ತೆ.”

ಹೇಳಿದ ಮೇಲೆಯೇ ಅದು ನನಗೂ ಗೊತ್ತಾದದ್ದು. ಇಷ್ಟು ವರ್ಷ ಅವ್ವನದು, ಅವ್ವನದು ಎಂದು ಎದೆಗೊತ್ತಿಕೊಂಡು ಬಂದದ್ದರಲ್ಲಿ ಅರ್ಧ ಆ ಹಾಸಿಗೆ ಹಿಡಿದ ಹೆಂಗಸು ಗೋಡೆಯ ಕಡೆ ಮುಖಮಾಡಿ ಹೇಳಿದ್ದು.

ಗಂಗಕ್ಕ ನನ್ನ ಮುಖವನ್ನೇ ನೋಡಿದಳು. “ಆಕಿ ಹೋಗಿ ಎಷ್ಟು ಕಾಲಾತು, ಇನ್ನೂ ನಿನ್ನ ಕೈ ಬಿಟ್ಟಿಲ್ಲಲ್ಲೇ,” ಅಂದವಳು ಉಳಿದದ್ದನ್ನು ಒಂದೇ ಸಲಕ್ಕೆ ಕುಡಿದು, ಇನ್ನೊಂದು ಲೋಟಕ್ಕೆ ಕೈ ಚಾಚಿದಳು.

ಚೈತ್ರಾ ಮೆಲ್ಲಗೆ, ಜಗಳೂರಿಗೆ ಬೇಕಾದರೆ ಓಂಕಾಳು ಹಾಕದೆ ಬೇರೆ ಮಾಡಿಕೊಡುತ್ತೇವೆ ಅಜ್ಜಿ ಅಂದಳು. ಗಂಗಕ್ಕ ಅವಳ ಗಲ್ಲ ಹಿಡಿದು ಅಲ್ಲಾಡಿಸಿದಳು.

“ಬ್ಯಾಡ ಮಗಳೇ. ನಮ್ಮ ಅಂಬಲಿ ನಮ್ಮನೇಲೇ ಐತೆ. ನಿಮ್ಮಜ್ಜಿ ಅತ್ತೇದು ನಮಗೆಲ್ಲಿ ಸಿಗ್ತೈತೆ? ಅದನ್ನೇ ತಗಂಬಾ.”

ಆಮೇಲೆ ಅವಳೇ ಮೇಜಿನ ಪಕ್ಕ ನಿಂತು, ಹೋಗಿಬರುವವರನ್ನೆಲ್ಲ ಕರೆದು, ನಮ್ಮ ಹೆಣ್ಣುಮಗಳು ಚನ್ನಗಿರಿ ಸೀಮೆಯ ಅಂಬಲಿ ತಂದಿದ್ದಾಳೆ, ಕುಡಿದು ನೋಡಿ ಎಂದು ಕೂಗತೊಡಗಿದಳು. ಚನ್ನಗಿರಿ ಸೀಮೆಯಲ್ಲಿ ಅಂಬಲಿಯೇ ಇರಲಿಲ್ಲ ಎಂದು ನಾನು ಯಾರಿಗೆ ಹೇಳಲಿ? ನಾನೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಜಿನ ಹಿಂದೆ ನಿಂತು ಸುರಿದು ಸುರಿದು ಕೊಟ್ಟೆ. ಹೊರಡುವಾಗ, ಯಜಮಾನರು ಹೋದವಳಿಗೆ ಉಡಿ ಯಾಕೆ ಅಂದರೂ ಕೇಳದೆ, ಗಂಗಕ್ಕ ಉಡಿ ತುಂಬುವುದನ್ನೂ ಬಿಡಲಿಲ್ಲ, ಸಂತೆಯ ನಡುವೆಯೇ.

ಈಗ ವಾರ ವಾರ ನಮ್ಮ ಗಾಡಿ ಜಗಳೂರಿಗೆ ಹೋಗುತ್ತದೆ. ನನ್ನ ಸಂತೋಷವನ್ನು ಹೇಗೆ ಹೇಳಲಿ ನಿಮಗೆ, ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ನಮ್ಮ ಅತ್ತೆ ಬದುಕಿದ್ದಾಗ ಒಂದು ಸಲವೂ ನನ್ನ ತವರಿಗೆ ಬಂದವರಲ್ಲ. ತೊಟ್ಟಿಲಿಗೆ ಕರೆದಾಗ ಆ ಧೂಳಿನಲ್ಲಿ ಯಾರು ಬರುತ್ತಾರೆ ಅಂದರು, ಮದುವೆಗೆ ಕರೆದಾಗ ಸೊಂಟ ನೋವು ಅಂದರು. ನಮ್ಮವ್ವ ಕೊನೆಯವರೆಗೂ ಬೀಗಿತ್ತಿಯ ದಾರಿ ನೋಡಿದಳು. ಈಗ ಬಸವರಾಜನ ಪಕ್ಕದ ಸೀಟಿನಲ್ಲಿ ನಾನು ಕೂತಿರುತ್ತೇನೆ, ಹಿಂದೆ ಪೊಟ್ಟಣ ಪೊಟ್ಟಣಗಳಲ್ಲಿ ಅವರು. ಅತ್ತೆ ಸೊಸೆ ಇಬ್ಬರೂ ಕೂಡಿಯೇ ತವರಿಗೆ ಹೋಗುತ್ತೇವೆ.