ಅಜ್ಜಿಯ ಗದ್ದದ ಹಸಿರು ಹಚ್ಚೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಚಹಾ ಬರುವ ತನಕ ಕದಲದ ಸಭಿಕರೇ! ಮಗಳು ಗ್ರಂಥಾಲಯದಿಂದ ತಂದ ಮಕ್ಕಳ ಕಾದಂಬರಿಯೊಂದರ ಬಗ್ಗೆ ನಾಲ್ಕು ಮಾತು ಆಡುತ್ತೇನೆ. ನ್ಯೂಜಿಲೆಂಡಿನಲ್ಲಿ ಬಿಳಿಯರ ಆಳ್ವಿಕೆಯ ಕಾಲ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಹುಡುಗಿಯೊಬ್ಬಳ ಅಜ್ಜಿಗೆ ಗದ್ದದ ತುಂಬ ಹಚ್ಚೆ. ಅದು ಅವರ ಮನೆತನದ ಗುರುತು. ಶಾಲೆಯ ದೊರೆಸಾನಿ ಅದನ್ನು ಕಾಡುಜನರ ಕೊಳಕು ಅನ್ನುತ್ತಾಳೆ. ಆ ಪುಟಕ್ಕೆ ಬಂದಾಗ ನನ್ನ ಮೈ ಉರಿಯಿತು.

ಶಿಗ್ಲಿಯ ನಮ್ಮ ಅಜ್ಜಿಯ ಗದ್ದದ ಮೇಲೂ ಹಚ್ಚೆಯಿತ್ತು. ಅವಳ ತೊಡೆಯ ಮೇಲೆ ಮಲಗಿ ಅದನ್ನು ಬೆರಳಿಂದ ಮುಟ್ಟುತ್ತ, "ಗದ್ದದ ಮ್ಯಾಲ ಹಸರು ಚುಕ್ಕಿ, ಅಜ್ಜಿ ನಕ್ಕರ ಹಾರೋ ಹಕ್ಕಿ" ಎಂದು ಹಾಡು ಕಟ್ಟಿದ್ದೆ.

ಸೋದರತ್ತೆಯ ಲಗ್ನದಲ್ಲಿ ಫೋಟೊಕ್ಕೆ ನಿಂತಾಗ ಗದಗಿನ ಬೀಗರು ಅಂದರು: "ಬೀಗ್ತೇರ, ಸೆರಗು ಗದ್ದದ ಮ್ಯಾಲ ಎಳಕೋರಿ. ಹಚ್ಚಿ ಫೋಟೊದಾಗ ಚೊಲೋ ಕಾಣಂಗಿಲ್ಲ."

"ನಮ್ಮವ್ವ ಹಾಕ್ಸಿದ್ದರಿ ಇದು. ಬಂಗಾರ ಇಲ್ಲೇ ಉಳಿತೈತಿ, ಸತ್ತಾಗ ನನ್ನ ಜೋಡಿ ಬರೋದು ಹಚ್ಚಿ ಒಂದ. ಯಾಕ ಮುಚ್ಚಲಿ?" ಎಂದಳು ಅಜ್ಜಿ.

ಅಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ: "ಯವ್ವಾ, ಬೀಗರ ಮುಂದ ಮರ್ಯಾದಿ ಕಳೀಬ್ಯಾಡ. ಎಳಕೊ."

ಮಗಳು ಆ ಮನೆಯಲ್ಲಿ ಬಾಳಬೇಕಲ್ಲ ಎಂದು ಅಜ್ಜಿ ಸೆರಗು ಎಳೆದುಕೊಂಡಳು. ನ್ಯೂಜಿಲೆಂಡಿನಲ್ಲಿ ಅವಮಾನ ಮಾಡಲು ದೊರೆಸಾನಿ ಹಡಗು ಹತ್ತಿ ಬರಬೇಕಾಯಿತು. ಇಲ್ಲಿ ಗದಗಿನ ಬಸ್ಸು, ಹೊಟ್ಟೆಯಲ್ಲಿ ಹುಟ್ಟಿದ ಮಗ, ಇಷ್ಟೇ ಸಾಕಾಯಿತು!

ಪುಸ್ತಕ ಹೇಗಿದೆ ಎಂದು ನನ್ನನ್ನು ಕೇಳಬೇಡಿ. ಖರೆ ಹೇಳುತ್ತೇನೆ, ಆ ಪುಟದಿಂದ ಮುಂದೆ ನಾನು ಓದಿಯೇ ಇಲ್ಲ. ಅಜ್ಜಿಯದು ನಮ್ಮಲ್ಲಿರುವುದು ಲಗ್ನದ ಅದೊಂದೇ ಫೋಟೊ. ಮಗಳಿಗೆ ತೋರಿಸಲು ನನ್ನ ಬಳಿ ಅವಳ ಅರ್ಧ ಮುಖವಷ್ಟೇ ಇದೆ.