ಅತ್ತೆ ಬಿಟ್ಟ ನೀರು

ಮೊನ್ನೆ ಟಿ. ನರಸೀಪುರದ ಕ್ಲಿನಿಕ್ಕಿನಲ್ಲಿ ನರ್ಸಮ್ಮ ಬಿಪಿ ನೋಡಲು ರಬ್ಬರ್ ಉಂಡೆಯನ್ನು ಪುಸ್ ಪುಸ್ ಎಂದು ಒತ್ತುತ್ತಿದ್ದರೆ ನನಗೆ ಕೂರಲಾಗಲಿಲ್ಲ. ಆ ಸದ್ದು... ಹೆಮ್ಮರಗಾಲದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅತ್ತೆ ನೆನಪಾದರು. ಸಂಬಂಧದಲ್ಲಿ ಅತ್ತೆಯಲ್ಲ, ಕರೆದು ಕರೆದು ಅತ್ತೆಯಾದವರು.

ಅವರ ಒಬ್ಬನೇ ಮಗ ನಂಜನಗೂಡು ರಸ್ತೆಯಲ್ಲಿ ಬೈಕಿನಿಂದ ಬಿದ್ದಿದ್ದ. ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಅತ್ತೆಯನ್ನೂ ಜೊತೆಗೆ ಹೋಗಿದ್ದ ನನ್ನನ್ನೂ ಕೂರಿಸಿಕೊಂಡು, ಮೆದುಳು ಸತ್ತಿದೆ, ಅಂದರೆ ಹುಡುಗ ಹೋದಂತೆಯೇ, ಉಸಿರಾಡಿಸುತ್ತಿರುವುದು ಯಂತ್ರ, ನಿಲ್ಲಿಸಲು ಒಪ್ಪಿಗೆ ಕೊಡಿ ಎಂದರು.

“ಎದೆ ಬಡ್ಕತಾ ಅದಲ್ಲ ಸಾ. ಮೈ ಬೆಚ್ಚಗದೆ,” ಎಂದರು ಅತ್ತೆ. “ಬಾಯ್ಗೆ ನೀರು ಬುಡ್ದೆ ಎಂಗ್ ಕಳ್ಸನ? ಮನೆಗೆ ಕರ್ಕೊಂಡೋಯ್ತೀವಿ.”

ನಮ್ಮ ಕಡೆ ಹಾಗೆ. ಜೀವ ಮನೆಯಲ್ಲೇ ಹೋಗಬೇಕು, ಹೋಗುವ ಮುಂಚೆ ತನ್ನವರು ಬಾಯಿಗೆ ತುಳಸಿ ನೀರು ಬಿಡಬೇಕು. ಆಂಬುಲೆನ್ಸಿನವನು ಹುಡುಗನ ಬಾಯಿಯ ಪೈಪಿಗೆ ಉಸಿರು ತುಂಬುವ ರಬ್ಬರ್ ಚೀಲ ಸಿಕ್ಕಿಸಿ, ಊರು ಮುಟ್ಟುವವರೆಗೂ ಒತ್ತುತ್ತಲೇ ಬಂದ.

ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿಸಿದ ಮೇಲೆ ನಮ್ಮ ದಡ್ಡತನ ನಮಗೆ ಗೊತ್ತಾಯಿತು. ಪೈಪಿದ್ದರೆ ನೀರು ಒಳಗೆ ಹೋಗದು, ಪೈಪು ತೆಗೆದರೆ ಉಸಿರಿರದು. ಆಸ್ಪತ್ರೆಯ ಬಾಗಿಲಲ್ಲಿ ಮನೆಗೇ ಒಯ್ಯಿರೆಂದು ಬಾಯಿಗೆ ಬಂದಂತೆ ಬುದ್ಧಿ ಹೇಳಿದ್ದ ನೆಂಟರೆಲ್ಲ ಈಗ ಗೋಡೆಗೆ ಅಂಟಿಕೊಂಡು ನಿಂತರು.

ಚೀಲ ಒತ್ತುತ್ತಿದ್ದವನ ಕೈ ಸೋತಿತ್ತು. ಅತ್ತೆ ನನ್ನ ಕಡೆ ತಿರುಗಿದರು.

“ಸತ್ತೋಗವ್ನೆ ಅಂದ್ರಲ್ವಾ ಡಾಕ್ಟ್ರು? ಪೈಪ್ ತೆಗ್ಸುದ್ರೆ ನಾನು ಕೊಂದಂಗಲ್ಲ ತಾನೆ?”

“ಅಲ್ಲ ಅತ್ತೆ. ಅಲ್ಲ.”

“ತಗಿಯಪ್ಪ,” ಎಂದರು ಅವನಿಗೆ. ಅವನು ತೆಗೆದ. ಅತ್ತೆ ಮಗನ ತುಟಿ ಬಿಡಿಸಿ ನೀರು ಬಿಟ್ಟರು. ಅದು ಗಂಟಲಿಗೆ ಇಳಿಯದೆ ಕೆನ್ನೆಯ ಮೇಲೆ ಹರಿದು ಚಾಪೆಯನ್ನು ನೆನೆಸಿತು...

ತಿಥಿ ಮುಗಿದ ಮಾರನೆಯ ದಿನ ಜಗಲಿಯ ಮೇಲೆ ಕೂತು ಕೇಳಿದರು: “ಆಸ್ಪತ್ರೇಲೇ ಸತ್ತಿದ್ರೆ ನಾನು ನೀರು ಬುಟ್ಟಿದ್ದು ಎಣದ ಬಾಯ್ಗೆ. ಮನೆಗಂಟ ಬದ್ಕಿದ್ದ ಅಂದ್ರೆ ನಾನೇ ಕೊಂದೆ. ಯಾವ್ದು ಅಂತ ನೀನೇ ಯೋಳವ್ವ.”

ಡಾಕ್ಟರು ಹೇಳಿದ್ದೇ ನಿಜ, ಅವನು ಅಲ್ಲೇ ಹೋಗಿದ್ದ ಎಂದೆ. ನಿಜವೇ ಅದು. ಈಗಲೂ ನಾನು ಅದನ್ನೇ ಹೇಳುತ್ತೇನೆ. ಆದರೆ ಕಂಡಾಗಲೆಲ್ಲ ಅವರು ಅದನ್ನೇ ಕೇಳುತ್ತಿದ್ದರು, ಮೊದಲ ಸಲ ಕೇಳುವವರ ಹಾಗೆ.

ಅತ್ತೆ ಈಗಿಲ್ಲ. ಅವರ ಕಡೆಗಾಲಕ್ಕೆ ಲೋಟದಲ್ಲಿ ತುಳಸಿ ನೀರು ಹಿಡಿದು ಹೋದವಳು ನಾನೇ. ಅರಿವು ಸರಿಯಾಗಿಯೇ ಇತ್ತು, ನನ್ನನ್ನು ಗುರುತು ಹಿಡಿದರು. ಚಮಚ ತುಟಿಯ ಹತ್ತಿರ ತಂದಾಗ ಬಾಯಿ ಬಿಗಿಹಿಡಿದು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಮಗನ ಗಂಟಲಿಗೆ ಇಳಿಯದ ನೀರು ಅವರಿಗೂ ಬೇಕಾಗಿರಲಿಲ್ಲ.